ಒಂದು ಭಾನುವಾರದ ಗುರುವಂದನೆ, ಉಳಿದ ದಿನಗಳ ಶಾಲೆ

ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಿನ ಊರುಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಹಬ್ಬ ಬೇರುಬಿಟ್ಟಿದೆ. ಅದರ ಹೆಸರು ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’. ಇಪ್ಪತ್ತು, ಇಪ್ಪತ್ತೈದು, ಕೆಲವೊಮ್ಮೆ ಮೂವತ್ತು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚಿನವರು ವಾಟ್ಸ್‌ಆ್ಯಪ್ ಗುಂಪು ಕಟ್ಟಿಕೊಂಡು ಒಬ್ಬರನ್ನೊಬ್ಬರು ಹುಡುಕುತ್ತಾರೆ. ತಲೆಗಿಷ್ಟು ಎಂದು ವಂತಿಗೆ ಕೂಡಿಸುತ್ತಾರೆ. ಒಂದು ಭಾನುವಾರ ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ನಿವೃತ್ತರಾದ ಮೇಷ್ಟ್ರುಗಳನ್ನೂ ಟೀಚರುಗಳನ್ನೂ ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಕೂರಿಸಿ, ಡೊಳ್ಳು ಬಾರಿಸುತ್ತ ಊರಿನ ಬೀದಿಯಲ್ಲಿ ಕರೆತರುತ್ತಾರೆ. ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ತಲೆ ನರೆತ ಶಿಷ್ಯರು ಮಕ್ಕಳಂತೆ ಸಾಲಾಗಿ ನಿಂತು ಕಾಲಿಗೆರಗುತ್ತಾರೆ. ಮೇಷ್ಟ್ರೊಬ್ಬರು ಹಳೆಯ ಹಾಜರಿ ಕೂಗುತ್ತಾರೆ. ಲಾರಿ ಮಾಲೀಕರು, ಪೊಲೀಸರು, ನರ್ಸುಗಳು, ರೈತರು ‘ಎಸ್ ಸಾರ್’ ಎಂದು ಎದ್ದು ನಿಲ್ಲುತ್ತಾರೆ. ಒಂದೆರಡು ಹೆಸರಿಗೆ ಉತ್ತರ ಬರುವುದಿಲ್ಲ. ಆಗ ಒಂದು ನಿಮಿಷ ಮೌನ.

ಈ ಹಬ್ಬವನ್ನು ಹಗುರವಾಗಿ ಕಾಣುವಂತಿಲ್ಲ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಆಗ ಹೈಸ್ಕೂಲು ಎಂದರೆ ದೊಡ್ಡ ಊರಿನ ಬೋರ್ಡ್ ಹೈಸ್ಕೂಲು. ಹಳ್ಳಿಯ ಬಡ ಮನೆಯ ಹುಡುಗ ಅದರ ಮೆಟ್ಟಿಲು ಹತ್ತುವುದೇ ದೊಡ್ಡ ಮಾತು. ಊರೂರಿಗೆ ಸರ್ಕಾರಿ ಶಾಲೆ ಬಂದ ಮೇಲೆ, ತಮ್ಮ ಮನೆತನದಲ್ಲೇ ಮೊದಲು ಸ್ಲೇಟು ಹಿಡಿದ ಎಷ್ಟೋ ಮಂದಿ ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಅವರ ನೆನಪಿನಲ್ಲಿ ಮೇಷ್ಟ್ರು ಎಂದರೆ ಅಪ್ಪನ ಮನವೊಲಿಸಿ ದನ ಕಾಯುವ ಹುಡುಗನನ್ನು ಶಾಲೆಗೆ ತಂದು ಕೂರಿಸಿದವರು, ಪರೀಕ್ಷೆ ಶುಲ್ಕವನ್ನು ತಮ್ಮ ಜೇಬಿನಿಂದ ಕಟ್ಟಿದವರು, ಹಾಸ್ಟೆಲಿನ ಅರ್ಜಿ ತುಂಬಿಕೊಟ್ಟವರು. ಆ ಋಣ ಒಂದು ದಿನ ಕಣ್ಣೀರಾಗಿ ಹರಿಯುವುದು ಸಹಜ, ನ್ಯಾಯವೂ ಹೌದು.

ಪ್ರಶ್ನೆ ಇರುವುದು ಸೋಮವಾರದ್ದು. ಶಾಮಿಯಾನ ಬಿಚ್ಚಿದೆ. ವರಾಂಡದ ಗೋಡೆಯಲ್ಲಿ ಹೊಸ ನೀರಿನ ಫಿಲ್ಟರ್ ಕೂತಿದೆ, ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಕೊಡುಗೆ’ ಎಂದು ಬರೆದು ಕೆಳಗೆ ಬ್ಯಾಚಿನ ವರ್ಷ ನಮೂದಿಸಿದ್ದಾರೆ. ಕೆಲವು ತಿಂಗಳಿಗೆ ಫಿಲ್ಟರಿನ ಒಳಗಿನ ಕ್ಯಾಂಡಲ್ ಕಟ್ಟಿಕೊಳ್ಳುತ್ತದೆ, ಮರುವರ್ಷ ನಲ್ಲಿ ಸೋರುತ್ತದೆ, ಅದರ ಮರುವರ್ಷ ಮಕ್ಕಳು ಮತ್ತೆ ಮನೆಯಿಂದ ಬಾಟಲಿ ತರತೊಡಗುತ್ತಾರೆ. ಬಣ್ಣದ ಅಕ್ಷರ ಮಾತ್ರ ಗೋಡೆಯ ಮೇಲೆ ಉಳಿದಿರುತ್ತದೆ. ಕೊಟ್ಟವರ ಮನಸ್ಸಿನಲ್ಲಿ ಕೊರತೆಯಿರಲಿಲ್ಲ. ಕೊಟ್ಟದ್ದನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಆ ಭಾನುವಾರ ಯಾರೂ ಮಾತಾಡಿರಲಿಲ್ಲ.

ಶಾಲೆ ಮತ್ತು ಅದರ ಹಳೆಯ ವಿದ್ಯಾರ್ಥಿಗಳ ನಂಟನ್ನು ಕುರಿತು ಯೋಚಿಸಲು ಚಿತ್ತವಾಡ್ಗಿ ತಕ್ಕ ಜಾಗ. ಒಂದು ಕಾಲಕ್ಕೆ ತನ್ನ ಪಾಡಿಗೆ ತಾನಿದ್ದ ಹಳ್ಳಿ ಇಂದು ಹೊಸಪೇಟೆ ನಗರದ ಭಾಗ. ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ಇಂಡಿಯಾ ಶುಗರ್ಸ್ ಆ್ಯಂಡ್ ರಿಫೈನರೀಸ್ ಸಕ್ಕರೆ ಕಾರ್ಖಾನೆ, ಇವು ಊರಿಗೆ ಹೆಸರು ತಂದಿದ್ದವು. ಜನರ ಬಾಯಲ್ಲಿ ‘ಐಎಸ್‌ಆರ್’ ಆಗಿದ್ದ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೆಳೆಗಾರರು ಕಬ್ಬನ್ನು ದೂರದ ಊರುಗಳಿಗೆ ಸಾಗಿಸಬೇಕಾಯಿತು. ಹೊಲದ ಕೆಲಸ, ಕಾರ್ಖಾನೆಯ ಕೆಲಸ ಎಂಬ ಎರಡು ಗಟ್ಟಿ ದಾರಿಗಳಲ್ಲಿ ಒಂದು ಮುಚ್ಚಿತು. ಇಂಥ ಊರಿನ ಮಗುವಿಗೆ ‘ಮುಂದೇನು’ ಎಂಬ ಪ್ರಶ್ನೆ ಅದರ ಅಜ್ಜನಿಗಿದ್ದದ್ದಕ್ಕಿಂತ ಕಠಿಣವಾಗಿದೆ. ಆ ಪ್ರಶ್ನೆಗೆ ಉತ್ತರ ಗೊತ್ತಿರುವವರು ಅದೇ ಶಾಲೆಯಲ್ಲಿ ಕಲಿತು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಬೆಂಗಳೂರಿಗೋ ತಾಲ್ಲೂಕು ಕಚೇರಿಗೋ ಸೇರಿ, ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುತ್ತಿದ್ದಾರೆ. ಶಾಲೆಯ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ಬರುವುದಿಲ್ಲ. ಕರೆಯುವವರೂ ಇಲ್ಲ.

ಈ ಸೀಮೆಯ ಜನಕ್ಕೆ ‘ನೋಡಿಕೊಳ್ಳುವುದು’ ಎಂದರೇನು ಎಂದು ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ. ಹೊಸಪೇಟೆಯ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತಿರುವುದು ವಿಜಯನಗರದ ಅರಸರ ಕಾಲದ ಕಾಲುವೆಗಳು: ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ ಕಾಲುವೆ, ತುರ್ತು ಕಾಲುವೆ, ಮುಂದೆ ಕಂಪ್ಲಿ ಕಾಲುವೆ. ಸಾಮ್ರಾಜ್ಯ ಅಳಿಯಿತು, ರಾಜಧಾನಿ ಹಾಳುಬಿತ್ತು, ಆಡಳಿತ ಎಷ್ಟೋ ಕೈ ಬದಲಾಯಿತು, ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಹಳೆಯ ಕಟ್ಟೆಗಳು ಜಲಾಶಯದಲ್ಲಿ ಮುಳುಗಿ ರಾಯ-ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುವ ಏರ್ಪಾಡಾಯಿತು. ನೀರು ಮಾತ್ರ ಹರಿಯುತ್ತಲೇ ಇದೆ. ವರ್ಷದಲ್ಲಿ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಹರಿದು, ಉಳಿದ ದಿನಗಳಲ್ಲಿ ಕಾಲುವೆ ಬಂದ್ ಆಗುತ್ತದೆ. ಆಗ ಹೂಳು ತೆಗೆಯಬೇಕು, ಜೊಂಡು ಕೀಳಬೇಕು, ಕುಸಿದ ಬದಿ ಕಟ್ಟಬೇಕು. ತೂಬಿನ ಹತ್ತಿರದ ರೈತ ತನ್ನ ಪಾಲಿಗೆ ನೀರು ಬಂದರೆ ಸಾಕು ಎಂದು ಕೈಕಟ್ಟಿ ಕೂತರೆ ಕೊನೆಯ ಹೊಲ ಒಣಗುತ್ತದೆ ಎಂಬುದು ಈ ಅಚ್ಚುಕಟ್ಟಿನ ಪ್ರತಿ ಮನೆಗೂ ಗೊತ್ತು.

ಇದೇ ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ದಾರಿಯಲ್ಲಿ, ಗುಡ್ಡಗಳ ನಡುವೆ ರಾಯರ ಕೆರೆಯ ಏರಿ ಇದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಸಾವಿರಾರು ಆಳುಗಳು ಇರುವೆಗಳಂತೆ ಮುತ್ತಿಕೊಂಡು ಒಂದು ಮಹಾ ಕೆರೆಯನ್ನು ಕಟ್ಟುತ್ತಿದ್ದ ದೃಶ್ಯವನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅದು ಈ ಕೆರೆಯೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಇಂದು ಅದರ ಅಂಗಳದಲ್ಲಿ ಕಾಣುವುದು ನೀರಿಗಿಂತ ಹೆಚ್ಚಾಗಿ ಹೊಲ. ಭಾರಿ ಕೆರೆ ಒಂದು ಕಡೆ, ಸಣ್ಣ ಕಾಲುವೆ ಇನ್ನೊಂದು ಕಡೆ. ಐದು ಶತಮಾನದ ನಂತರ ಊರಿಗೆ ಅನ್ನ ಕೊಡುತ್ತಿರುವುದು ಯಾವುದು ಎಂಬುದನ್ನು ಹಳೆಯ ವಿದ್ಯಾರ್ಥಿ ಸಂಘ ಕಟ್ಟಲು ಹೊರಟವರು ಗಮನಿಸಬೇಕು.

ಹಳೆಯದು ಬೇಡ ಎನ್ನುವವರಿಗೆ 2024ರ ಆಗಸ್ಟ್ 10ರ ರಾತ್ರಿಯ ನೆನಪು ಸಾಕು. ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರೇ ಖಾಲಿಯಾಗತೊಡಗಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ತಂಡ, ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ತಡೆದರು. ಆ ಉಕ್ಕಿನ ಹಲಗೆಗಳು ತಯಾರಾದದ್ದು ಇದೇ ಸುತ್ತಿನ ವರ್ಕ್‌ಶಾಪ್‌ಗಳಲ್ಲಿ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ. ಎಪ್ಪತ್ತು ವರ್ಷ ದುಡಿದ ಅಣೆಕಟ್ಟು ಅಲುಗಾಡಲಿಲ್ಲ. ಒಂದು ಸರಪಳಿಯ ಕೊಂಡಿ ಸವೆದಿತ್ತು. ನಾಲ್ಕು ಜಿಲ್ಲೆಗಳ ರೈತರು ಆ ವಾರ ನಿದ್ದೆಗೆಟ್ಟರು.

ಶಾಲೆಯ ಕಥೆಯೂ ಹೀಗೆಯೇ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಕೊಡಬಹುದಾದ ಅತಿ ದೊಡ್ಡ ವಸ್ತು ಕಟ್ಟಡವೂ ಅಲ್ಲ, ಕಂಪ್ಯೂಟರೂ ಅಲ್ಲ. ವರ್ಷವರ್ಷವೂ ತಪ್ಪದೆ ಬರುವ ಸರದಿಯ ಕೆಲಸ. ಅಚ್ಚುಕಟ್ಟಿನ ರೈತನಿಗೆ ಕಾಲುವೆಯ ಮೇಲೆ ಹಕ್ಕೂ ಇದೆ, ಹೊಣೆಯೂ ಇದೆ. ಶಾಲೆಯಿಂದ ಅಕ್ಷರದ ನೀರು ಪಡೆದವರಿಗೂ ಅದೇ ಬಗೆಯ ಸ್ಥಾನ ಬೇಕು. ಅತಿಥಿಯ ಕುರ್ಚಿಯಿಂದ ಅವರನ್ನು ಇಳಿಸಿ ಸರದಿಯ ಪಟ್ಟಿಯಲ್ಲಿ ಸೇರಿಸಬೇಕು.

ದುಡ್ಡಿನ ಮಾತು ಮೊದಲು ಮುಗಿಸೋಣ. ಗಣಿ ಸೀಮೆಯಲ್ಲಿ ಗೋಡೆ ಕಟ್ಟಲು ಹಣದ ಮೂಲಗಳಿವೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬಂದಿದೆ. ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಇವೆಲ್ಲ ಕೊಠಡಿ, ಕಾಂಪೌಂಡು, ಶೌಚಾಲಯ ಕಟ್ಟಿಸಬಲ್ಲವು. ಅವು ಕಟ್ಟಿಸಿಹೋದ ಮೇಲೆ ಶಾಲೆಯ ಕೈಯಲ್ಲಿ ಉಳಿಯುವುದು ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಅನುದಾನ. ನೂರಕ್ಕಿಂತ ಹೆಚ್ಚು, ಇನ್ನೂರೈವತ್ತರವರೆಗೆ ಮಕ್ಕಳಿರುವ ಶಾಲೆಗೆ ಯೋಜನೆಯ ಮಾನದಂಡ ನಿಗದಿ ಮಾಡಿದ್ದು ವರ್ಷಕ್ಕೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಪ್ರಯೋಗದ ಸಾಮಾನು, ಮುರಿದ ಬಾಗಿಲು, ಸೋರುವ ನಲ್ಲಿ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಎಂದು ರಾಜ್ಯ ಸರ್ಕಾರ 2023ರ ರಾಜ್ಯೋತ್ಸವದಂದು ಘೋಷಿಸಿದ್ದು ದೊಡ್ಡ ಆಸರೆ. ಆದರೂ ಕಟ್ಟುವ ಹಣಕ್ಕೂ ಕಾಪಾಡುವ ಹಣಕ್ಕೂ ನಡುವಿನ ಅಂತರ ಹಾಗೇ ಇದೆ. ಐವತ್ತು ಜನರ ಒಂದು ಬ್ಯಾಚು ತಲೆಗೆ ತಿಂಗಳಿಗೆ ನೂರು ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 60,000 ರೂಪಾಯಿ. ಒಂದು ಭಾನುವಾರದ ಶಾಮಿಯಾನ, ಊಟ, ಶಾಲುಗಳ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಬೇಕಾದ ಸಂಖ್ಯೆ ಇದು.

ಹಣಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ. ಹತ್ತನೆಯ ತರಗತಿಯ ಮಗುವಿಗೆ ತನ್ನ ಮುಂದಿನ ದಾರಿ ಕಣ್ಣಿಗೆ ಕಾಣುವುದಿಲ್ಲ. ಪಿಯುಸಿ, ಐಟಿಐ, ಡಿಪ್ಲೊಮಾ, ನರ್ಸಿಂಗ್ ಎಂಬ ಪದಗಳನ್ನು ಅದು ಕೇಳಿರುತ್ತದೆ. ತನ್ನಂಥ ಮನೆಯಿಂದ, ತನ್ನದೇ ಓಣಿಯಿಂದ ಹೋಗಿ ಅದನ್ನು ಮುಗಿಸಿದವರನ್ನು ನೋಡಿರುವುದಿಲ್ಲ. ಉಪನ್ಯಾಸಕ್ಕೆ ಬರುವ ಅಧಿಕಾರಿ ‘ಚೆನ್ನಾಗಿ ಓದಿ’ ಎಂದು ಹೇಳಿ ಹೋಗುತ್ತಾರೆ. ಅದೇ 19ನೇ ಗೇಟಿನ ಹಲಗೆಗೆ ಬೆಸುಗೆ ಹಾಕಿದ ವರ್ಕ್‌ಶಾಪಿನ ವೆಲ್ಡರ್ ಒಬ್ಬರು ಒಂದು ಶನಿವಾರ ಬಂದು, ಕಪ್ಪು ಹಲಗೆಯ ಮೇಲೆ ಆ ಸ್ಟಾಪ್‌ಲಾಗಿನ ಚಿತ್ರ ಬರೆದು, ಉಕ್ಕಿನ ದಪ್ಪ ಎಷ್ಟು, ಅಳತೆ ಒಂದಿಷ್ಟು ತಪ್ಪಿದ್ದರೆ ಏನಾಗುತ್ತಿತ್ತು, ತಾನು ಐಟಿಐಗೆ ಅರ್ಜಿ ಹಾಕಿದ್ದು ಹೇಗೆ, ಮೊದಲ ಸಂಬಳ ಎಷ್ಟು ಎಂದು ಹೇಳಿದರೆ ಹಿಂದಿನ ಬೆಂಚಿನ ಹುಡುಗನೂ ಕಿವಿ ನಿಮಿರಿಸುತ್ತಾನೆ. ಅವನು ಗೇಟು ಕೊಚ್ಚಿಹೋದ ವಾರ ಸೇತುವೆಯ ಮೇಲೆ ನಿಂತು ಆ ನೀರನ್ನು ನೋಡಿದವನು. ಲೆಕ್ಕದ ಪುಸ್ತಕದ ಘನಫಲ ಅವನಿಗೆ ಅಂದು ಜಲಾಶಯದ ನೀರಾಗುತ್ತದೆ.

ಅಂಗನವಾಡಿಯ ಕಾರ್ಯಕರ್ತೆ, ಹಂಪಿಯ ಗೈಡು, ಟ್ರ್ಯಾಕ್ಟರಿನ ಮೆಕ್ಯಾನಿಕ್, ಸಂಡೂರಿನಲ್ಲಿ ಲಂಬಾಣಿ ಕಸೂತಿ ಹಾಕುವ ಹೆಣ್ಣುಮಗಳು, ಬ್ಯಾಂಕಿನ ಗುಮಾಸ್ತೆ, ಬಾಳೆ ಬೆಳೆದು ಮಾರುಕಟ್ಟೆ ಅರಿತ ರೈತ: ಇವರೆಲ್ಲ ಒಂದಲ್ಲ ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳೇ. ಶಾಲೆಗೆ ದೊಡ್ಡ ಮೊತ್ತ ಕೊಡಲು ಇವರಿಂದಾಗದು. ವರ್ಷಕ್ಕೆ ಎರಡು ಶನಿವಾರ ಕೊಡಬಹುದು.

ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸಂಸ್ಥೆಗೆ ಏನೆಲ್ಲ ಆಗಬಹುದು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಎಚ್. ನರಸಿಂಹಯ್ಯನವರಿಗಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಹುಡುಗ ಓದುವ ಆಸೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮುಂದೆ ಅದೇ ಸಂಸ್ಥೆಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು, ಪ್ರಿನ್ಸಿಪಾಲರಾದರು, ಸಂಸ್ಥೆಯ ಅಧ್ಯಕ್ಷರಾದರು. ಅಮೆರಿಕದಲ್ಲಿ ಪಿಎಚ್‌.ಡಿ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದ ಮೇಲೂ ಅವರ ವಾಸ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ. ತಾವು ಬಿಟ್ಟುಬಂದ ಸೀಮೆಯನ್ನೂ ಮರೆಯದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಸಿದರು. 2005ರಲ್ಲಿ ತೀರಿಕೊಳ್ಳುವವರೆಗೆ ಅವರು ಸಂಸ್ಥೆಗೆ ಕೊಟ್ಟದ್ದು ದಿನಗಳನ್ನು. ಎಲ್ಲರೂ ನರಸಿಂಹಯ್ಯ ಆಗಲಾರರು, ಆಗಬೇಕಾಗಿಯೂ ಇಲ್ಲ. ಅವರ ಬದುಕು ತೋರುವುದೇನೆಂದರೆ, ಶಾಲೆಯ ಋಣವನ್ನು ತೀರಿಸುವ ನಾಣ್ಯ ಮುಖ್ಯವಾಗಿ ಸಮಯ.

ಹಣದ ದೊಡ್ಡ ದಾನಗಳು ಎಲ್ಲಿ ಬೀಳುತ್ತವೆ ಎಂಬುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟ. ಹಳೆಯ ವಿದ್ಯಾರ್ಥಿ ಸಂಘ ಎಂಬ ಏರ್ಪಾಡು ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲಿ ಶುರುವಾಯಿತು ಎನ್ನುತ್ತಾರೆ. ಕಷ್ಟಕ್ಕೆ ಸಿಕ್ಕಿದ್ದ ಕಾಲೇಜನ್ನು ಉಳಿಸಿಕೊಳ್ಳಲು ಅಲ್ಲಿ ಕಲಿತವರು ಒಟ್ಟಾದರು. ಇಂದು ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳ ನಿಧಿ ಕೆಲವು ದೇಶಗಳ ಬಜೆಟ್ಟನ್ನೂ ಮೀರಿಸುತ್ತದೆ. ನಮ್ಮಲ್ಲೂ ಬೆಂಗಳೂರು, ಧಾರವಾಡಗಳಲ್ಲಿ ಶಾಲೆ ಕಲಿತ ನಂದನ್ ನಿಲೇಕಣಿ 2023ರಲ್ಲಿ ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೂ ಮುಂಚೆ 85 ಕೋಟಿ ಕೊಟ್ಟಿದ್ದರು. ಉದಾರವಾದ ದಾನ, ಸಂಶೋಧನೆಗೆ ಬಲ ತರುವ ದಾನ. ಆದರೆ ದೇಣಿಗೆ ಎಂಬುದು ಶ್ರೀಮಂತರನ್ನು ರೂಪಿಸಿದ ಸಂಸ್ಥೆಯ ಕಡೆಗೇ ಹರಿಯುತ್ತದೆ. ಕಬ್ಬು ಕಡಿಯುವವರ ಮಕ್ಕಳು, ಗಣಿ ಲಾರಿ ಓಡಿಸುವವರ ಮಕ್ಕಳು ಕಲಿತ ಪ್ರಾಥಮಿಕ ಶಾಲೆ ಅದನ್ನೇ ನೆಚ್ಚಿ ಕೂತರೆ ಎಂದೆಂದಿಗೂ ಕಾಲುವೆಯ ಕೊನೆಯ ಹೊಲವಾಗಿಯೇ ಉಳಿಯುತ್ತದೆ. ಸರ್ಕಾರಿ ಶಾಲೆಯ ಹಳೆಯ ವಿದ್ಯಾರ್ಥಿ ಸಂಘ ಐಐಟಿಯ ಮಾದರಿಯನ್ನು ಅನುಕರಿಸುವುದರಲ್ಲಿ ಅರ್ಥವಿಲ್ಲ. ಅದಕ್ಕೆ ತನ್ನದೇ ಮಾದರಿ ಬೇಕು.

ಅಂಥ ಮಾದರಿ ದಕ್ಷಿಣ ಕನ್ನಡದಲ್ಲಿ ಕಣ್ಣಿಗೆ ಬಿದ್ದಿದೆ. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಮೂವತ್ತಕ್ಕಿಂತ ಕೆಳಗಿಳಿದು, ಬೀಗ ಬೀಳುವುದೊಂದೇ ಬಾಕಿ ಎಂಬ ಸ್ಥಿತಿಯಿತ್ತು. ಊರಿನ ಯುವಕರ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ ಶಾಲೆಯನ್ನು ದತ್ತು ಪಡೆಯಿತು. ಬಣ್ಣ ಬಳಿದು ಹೋಗಿಬಿಡಲಿಲ್ಲ. ಮಕ್ಕಳನ್ನು ಕರೆತರುವ ವಾಹನ, ಹೆಚ್ಚುವರಿ ಶಿಕ್ಷಕರು, ಪೂರ್ವ ಪ್ರಾಥಮಿಕ ತರಗತಿ ಎಂದು ವರ್ಷದ ಮೇಲೆ ವರ್ಷ ಅಲ್ಲೇ ನಿಂತಿತು. ಮಕ್ಕಳ ಸಂಖ್ಯೆ ನೂರುಗಳಿಗೆ ಏರಿತು. ಅದೇ ಜಿಲ್ಲೆಯ ಹರೇಕಳದ ಹಾಜಬ್ಬ, ಶಾಲೆಯ ಮೆಟ್ಟಿಲನ್ನೇ ಹತ್ತದವರು, ಕಿತ್ತಳೆ ಮಾರಿದ ಹಣದಲ್ಲಿ ನ್ಯೂಪಡ್ಪುವಿಗೆ ಶಾಲೆ ತಂದರು. 2020ರ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಕಲಿಯದವರೇ ಇಷ್ಟು ಮಾಡಿರುವಾಗ ಕಲಿತವರ ಹೊಣೆ ಎಷ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಎದುರಿಸಲೇಬೇಕು. 2002ರ ತಿದ್ದುಪಡಿಯಿಂದ ಶಿಕ್ಷಣ ಸಂವಿಧಾನದ 21(ಎ) ವಿಧಿಯಂತೆ ಮೂಲಭೂತ ಹಕ್ಕು. ಹಕ್ಕನ್ನು ವಂತಿಗೆಯಿಂದ ನಡೆಸುವುದು ಎಷ್ಟು ಸರಿ? ಹಳೆಯ ವಿದ್ಯಾರ್ಥಿಗಳು ನಲ್ಲಿ ರಿಪೇರಿ ಮಾಡಿಸುತ್ತಾರೆಂದು ಗೊತ್ತಾದರೆ ಸರ್ಕಾರ ನಲ್ಲಿಯನ್ನೇ ಮರೆಯುವುದಿಲ್ಲವೇ? ಈ ಭಯ ನಿಜ. ಶಿಕ್ಷಕರ ಖಾಲಿ ಹುದ್ದೆಯನ್ನು ಬ್ಯಾಚಿನ ಚಂದಾದಿಂದ ತುಂಬುವುದು ತಾತ್ಕಾಲಿಕ ಉಪಾಯವಾಗಬಹುದು, ಪರಿಹಾರವಾಗದು. ಆದ್ದರಿಂದ ಸಂಘದ ಮೊದಲ ಕೆಲಸ ಕೊಡುವುದಲ್ಲ, ಕೇಳುವುದು. ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ತುಂಬಿದೆ, ಖನಿಜ ನಿಧಿಯ ಪಟ್ಟಿಯಲ್ಲಿ ಈ ಶಾಲೆ ಇದೆಯೇ, ಕಳೆದ ವರ್ಷ ಕಟ್ಟಿದ ಕೊಠಡಿ ಈ ಮಳೆಗಾಲಕ್ಕೇ ಸೋರುತ್ತಿರುವುದೇಕೆ ಎಂದು ಕಚೇರಿಗೆ ಹೋಗಿ ಲಿಖಿತವಾಗಿ ಕೇಳಬೇಕು. ಮುಖ್ಯಶಿಕ್ಷಕರು ಇಲಾಖೆಯ ನೌಕರರು, ಅವರ ಬಾಯಿಗೆ ಮಿತಿಯಿದೆ. ಕೂಲಿಗೆ ಹೋಗುವ ತಾಯಿಗೆ ಒಂದು ದಿನದ ಕೂಲಿ ಬಿಟ್ಟು ಕಚೇರಿ ಅಲೆಯುವುದು ಕಷ್ಟ. ಅದೇ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗೆ ದಾರಿ ಗೊತ್ತು.

ಕಾನೂನಿನ ಚೌಕಟ್ಟು ಇದಕ್ಕೆ ಅಡ್ಡಿಯಲ್ಲ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದಿತು. ಆ ಅಧಿಕಾರ ಪೋಷಕರದ್ದೇ, ಅದನ್ನು ಹಳೆಯ ವಿದ್ಯಾರ್ಥಿಗಳು ಕಸಿಯಬಾರದು. ಪೋಷಕರು ಮಗು ಶಾಲೆಯಲ್ಲಿರುವಷ್ಟು ವರ್ಷ ಮಾತ್ರ ಸಮಿತಿಯಲ್ಲಿರುತ್ತಾರೆ, ಮೇಷ್ಟ್ರು ವರ್ಗವಾಗುತ್ತಾರೆ, ಊರಿನ ಹಳೆಯ ವಿದ್ಯಾರ್ಥಿ ಮಾತ್ರ ಅಲ್ಲೇ ಇರುತ್ತಾನೆ. ಹತ್ತು ವರ್ಷದ ಹಿಂದೆ ಯಾವ ಕೊಠಡಿಗೆ ಯಾವ ಅನುದಾನ ಬಂತು ಎಂಬ ನೆನಪನ್ನು ಹೊತ್ತುಕೊಂಡು ಸಮಿತಿಯ ಬೆನ್ನಿಗೆ ನಿಲ್ಲುವುದೇ ಅವನ ಪಾತ್ರ. ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ಕೇಂದ್ರ ಸರ್ಕಾರದ ‘ವಿದ್ಯಾಂಜಲಿ’ ಯೋಜನೆಯೂ 2021ರಿಂದ ಇಂಥ ಸ್ವಯಂಸೇವಕರಿಗೆ ಬಾಗಿಲು ತೆರೆದಿದೆ. ಚಂದಾ ಎಷ್ಟು ಬಂತು, ಏನಕ್ಕೆ ಹೋಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸುವ ರೂಢಿ ಬಂದರೆ ಬ್ಯಾಚುಗಳ ನಡುವಿನ ಪೈಪೋಟಿ, ಜಾತಿಯ ಗುಂಪುಗಾರಿಕೆ, ಚುನಾವಣೆ ಹತ್ತಿರವಾದಾಗ ಏಳುವ ಫ್ಲೆಕ್ಸುಗಳು ತಾವಾಗಿ ತಗ್ಗುತ್ತವೆ.

ಇನ್ನೊಂದು ಮಾತನ್ನು ಹೇಳಲು ಗುರುವಂದನೆಯ ವೇದಿಕೆಯ ಮೇಲೆ ಯಾರಿಗೂ ಮನಸ್ಸಾಗುವುದಿಲ್ಲ. ಮೈಕಿನ ಮುಂದೆ ನಿಂತು ‘ಈ ಶಾಲೆಯೇ ನನ್ನನ್ನು ಬೆಳೆಸಿತು’ ಎನ್ನುವ ಎಷ್ಟೋ ಜನರ ಮಕ್ಕಳು ಅದೇ ಊರಿನ ಹಳದಿ ಬಸ್ಸು ಹತ್ತಿ ಬೇರೆ ಶಾಲೆಗೆ ಹೋಗುತ್ತಾರೆ. ಕಾರಣಗಳಿವೆ: ಇಂಗ್ಲಿಷಿನ ಆಸೆ, ಶಿಕ್ಷಕರ ಕೊರತೆಯ ಭಯ, ಬಂಧುಗಳ ಮಾತು. ಯಾರನ್ನೂ ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಕಳಿಸಲು ಹಿಂಜರಿಯುವ ಶಾಲೆಗೆ ತಮ್ಮ ಓಣಿಯ ಬಡವರ ಮಕ್ಕಳು ಹೋಗುತ್ತಿದ್ದಾರೆ. ತಮ್ಮನ್ನು ಹಿಂಜರಿಯುವಂತೆ ಮಾಡಿದ ಕಾರಣಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದರೆ ಸಂಘಕ್ಕೆ ಐದು ವರ್ಷದ ಕೆಲಸ ಅಲ್ಲೇ ಸಿಗುತ್ತದೆ. ಮುಚ್ಚಲಿರುವ ಕನ್ನಡ ಶಾಲೆಗಾಗಿ ಊರು ಹೋರಾಡುವ ಕಥೆಯ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವನ್ನು 2018ರಲ್ಲಿ ನಾಡು ಕೈತಟ್ಟಿ ನೋಡಿತು. ಆ ಕೈಗಳಿಗೆ ತಮ್ಮ ಊರಿನ ಶಾಲೆಯಲ್ಲೂ ಕೆಲಸ ಕಾದಿದೆ.

ಸಮ್ಮಿಲನಗಳ ಗುಂಪು ಫೋಟೊಗಳನ್ನು ನೋಡಿದರೆ ಇನ್ನೊಂದು ಕೊರತೆ ಎದ್ದುಕಾಣುತ್ತದೆ: ಹೆಣ್ಣುಮಕ್ಕಳು ಕಡಿಮೆ. ಮದುವೆಯಾಗಿ ಊರು ಬಿಟ್ಟವರ ಫೋನ್ ನಂಬರು ಯಾರ ಬಳಿಯೂ ಇರುವುದಿಲ್ಲ. ಇದ್ದರೂ ಭಾನುವಾರವೊಂದನ್ನು ಗಂಡನ ಮನೆಯಿಂದ ಬಿಡಿಸಿಕೊಂಡು ಬರುವುದು ಸುಲಭವಲ್ಲ. ಈ ಸೀಮೆಯ ಪಂಚಾಂಗವೇ ಅದಕ್ಕೆ ದಾರಿ ತೋರಿಸಿದೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಣ್ಣನೋ ತಮ್ಮನೋ ಹೋಗಿ ಕರೆತರುತ್ತಾನೆ. ಮನೆಯಲ್ಲಿ ಉಂಡಿ ಕಟ್ಟುತ್ತಾರೆ, ಮರಕ್ಕೆ ಜೋಕಾಲಿ ಹಾಕುತ್ತಾರೆ. ಆ ವಾರದಲ್ಲೇ ಒಂದು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಸಭೆ ಕರೆದರೆ ಶಾಲೆಯೂ ತವರಿನ ಭಾಗವಾಗುತ್ತದೆ. ಎಂಟನೆಯ ತರಗತಿಯ ಹುಡುಗಿಯ ಎದುರು, ಇದೇ ಬೆಂಚಿನಲ್ಲಿ ಕೂತು ಕಲಿತು ಇಂದು ನರ್ಸ್ ಆಗಿರುವ ಅಕ್ಕ ಬಂದು ಕೂರುತ್ತಾಳೆ. ಅವಳ ಪಕ್ಕದಲ್ಲಿ, ಹತ್ತನೆಯ ತರಗತಿ ಮುಗಿಯುವ ಮೊದಲೇ ಮದುವೆಯಾದ ಇನ್ನೊಬ್ಬ ಅಕ್ಕನೂ ಇರುತ್ತಾಳೆ. ಆ ಹುಡುಗಿಗೆ ಇಬ್ಬರ ಮಾತೂ ಬೇಕು.

ಆ ಎರಡನೆಯ ಅಕ್ಕನನ್ನು ಹಳೆಯ ವಿದ್ಯಾರ್ಥಿ ಎಂದು ಕರೆಯುವ ಮನಸ್ಸು ಎಷ್ಟು ಸಂಘಗಳಿಗಿದೆ? ಉತ್ತರ ಪ್ರತಿ ಮುಖ್ಯಶಿಕ್ಷಕರ ಕೋಣೆಯ ಬೀರುವಿನಲ್ಲಿದೆ. ಅಲ್ಲಿ ದಾಖಲಾತಿ ವಹಿ ಇರುತ್ತದೆ: ಉದ್ದನೆಯ ಹಾಳೆಗಳು, ರಟ್ಟು ಕಿತ್ತ ಹೊದಿಕೆ, ಹಳೆಯ ಪುಟಗಳಲ್ಲಿ ನೀಲಿ ಶಾಯಿ ಕಂದಿದ ಅಕ್ಷರ. ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ಹುಟ್ಟಿದ ದಿನಾಂಕ. ದಿನಾಂಕದ ಸಾಲಿನಲ್ಲಿ ಜೂನ್ 1 ಮತ್ತೆ ಮತ್ತೆ ಕಾಣಿಸುತ್ತದೆ. ಅಮ್ಮನಿಗೆ ಮಗು ಹುಟ್ಟಿದ್ದು ಯಾವ ಹಬ್ಬದ ಹಿಂದುಮುಂದು ಎಂದಷ್ಟೇ ಗೊತ್ತಿದ್ದಾಗ, ಆರು ವರ್ಷ ತುಂಬುವ ಹಾಗೆ ಮೇಷ್ಟ್ರೇ ಕೊಟ್ಟ ಹುಟ್ಟುಹಬ್ಬ ಅದು. ಇಂದು ಎಷ್ಟೋ ಜನರ ಆಧಾರ್, ಪಾಸ್‌ಪೋರ್ಟ್, ನಿವೃತ್ತಿಯ ದಿನ ಎಲ್ಲವೂ ಆ ಒಂದು ಅಂದಾಜಿನ ಮೇಲೆ ನಿಂತಿವೆ.

ವಹಿಯ ಬಲಗಡೆಯ ಕೊನೆಯಲ್ಲಿ ಒಂದು ಕಾಲಂ: ಶಾಲೆ ಬಿಟ್ಟ ಕಾರಣ. ಕೆಲವರ ಮುಂದೆ ‘ಉತ್ತೀರ್ಣ’, ಕೆಲವರ ಮುಂದೆ ‘ವರ್ಗಾವಣೆ’, ಮತ್ತೆ ಕೆಲವರ ಮುಂದೆ ‘ಸತತ ಗೈರುಹಾಜರಿ’. ಗುರುವಂದನೆಯ ವಾಟ್ಸ್‌ಆ್ಯಪ್ ಗುಂಪಿಗೆ ಸೇರುವುದು ಹೆಚ್ಚಾಗಿ ಮೊದಲ ಬಗೆಯವರು. ಐದನೆಯ ತರಗತಿಗೇ ಗೈರಾಗಿ ಇಂದು ಇದೇ ಚಿತ್ತವಾಡ್ಗಿಯ ಸುತ್ತಲಿನ ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೂ, ಬಿಸಿಯೂಟದ ಅಡುಗೆ ಮಾಡುತ್ತ ಅದೇ ಶಾಲೆಯ ಹಿಂಬಾಗಿಲಿನಿಂದ ದಿನವೂ ಬರುವ ತಾಯಿಗೂ ಆ ವಹಿಯಲ್ಲಿ ಒಂದೊಂದು ಕ್ರಮಸಂಖ್ಯೆ ಇದೆ. ಸಂಘದ ಸದಸ್ಯರ ಪಟ್ಟಿಯನ್ನು ಫೋನಿನಿಂದ ಬಿಟ್ಟು ಈ ವಹಿಯಿಂದ ಬರೆಯಲು ಕೂತರೆ, ಮೊದಲ ಸಂಜೆಯೇ ಯಾರೋ ಒಬ್ಬರು ಪುಟದ ಮೇಲೆ ಬೆರಳಿಟ್ಟು ಕೇಳುತ್ತಾರೆ: ‘ಇವನು ಈಗ ಎಲ್ಲಿದಾನೆ? ಇವನ ಮಗ ಶಾಲೆಗೆ ಬರ್ತಾನಾ?’